ಕೋವಿಯ ಮಾತು ಕೇಪಿನ ಕೈಯಲ್ಲಿ

ದೀಪಾವಳಿ ಹತ್ತಿರವಾದಂತೆ ಪದ್ಮನಾಭನಗರದ ಯಾವ ಅಡ್ಡರಸ್ತೆಯನ್ನು ಹೊಕ್ಕರೂ ಒಂದು ನೋಟ ಕಣ್ಣಿಗೆ ಬೀಳದಿರದು. ಆರೇಳು ವರ್ಷದ ಹುಡುಗನೊಬ್ಬ ಆಟದ ಪಿಸ್ತೂಲನ್ನು ಹಿಡಿದು ಗೇಟಿನ ಮರೆಯಲ್ಲಿ ಹೊಂಚುಹಾಕಿ ನಿಂತಿರುತ್ತಾನೆ. ಪಿಸ್ತೂಲಿನ ಹೊಟ್ಟೆಯೊಳಗೆ ಕೆಂಪು ಕಾಗದದ ಸುರುಳಿ. ಸುರುಳಿಯ ಮೇಲೆ ಸಾಲಾಗಿ ಮದ್ದಿನ ಚುಕ್ಕಿಗಳು. ಒತ್ತಿದರೆ 'ಚಟ್', ಮತ್ತೆ ಒತ್ತಿದರೆ 'ಚಟ್', ಮೂರನೆಯ ಸಲ ಬರಿಯ ತಗಡಿನ ಸದ್ದು. ಹುಡುಗನ ಮುಖ ಬಾಡುತ್ತದೆ. ಒಳಗಿನಿಂದ ಬಂದ ತಂದೆ, ಕೇಪು ಹಳೆಯದು, ಅಂಗಡಿಯವನು ಮೋಸಮಾಡಿದ ಎಂದು ತೀರ್ಪು ಕೊಡುತ್ತಾರೆ. ಪಾಪ, ಅಂಗಡಿಯವನ ತಪ್ಪು ಹಲವು ಸಲ ಏನೂ ಇರುವುದಿಲ್ಲ. ಸುರುಳಿಯನ್ನು ಬಿಡಿಸಿ ನೋಡಿದರೆ ಮದ್ದು ಇದ್ದಂತೆಯೇ ಇರುತ್ತದೆ. ಚುಕ್ಕಿ ಸುತ್ತಿಗೆಯ ಕೆಳಗೆ ಸರಿಯಾಗಿ ಬಂದು ಕೂತಿರಲಿಲ್ಲ, ಅಷ್ಟೆ.

ಕೇಪು ಎಂಬುದು ಟೋಪಿ ಎಂಬರ್ಥದ ಇಂಗ್ಲಿಷ್ ಮಾತು ಕನ್ನಡದ ನಾಲಗೆಯ ಮೇಲೆ ದುಂಡಗಾದ ರೂಪ. ನಗರದ ಮಕ್ಕಳಿಗೆ ಅದು ಹಬ್ಬದ ಆಟಿಕೆ. ಇನ್ನೂರೈವತ್ತು ಕಿಲೋಮೀಟರುಗಳಾಚೆಯ ಕೊಡಗಿನಲ್ಲಿ, ಅದಕ್ಕೆ ತಗಲಿಕೊಂಡ ಮಲೆನಾಡಿನಲ್ಲಿ ಅದೇ ಮಾತಿಗೆ ಬೇರೆಯೇ ಘನತೆಯುಂಟು. ಅಲ್ಲಿ ಕೋವಿಗಳಲ್ಲಿ ಎರಡು ಜಾತಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ಜಡಿದು, ಹಿಂಬದಿಯಲ್ಲಿ ತಾಮ್ರದ ಪುಟ್ಟ ಟೋಪಿಯೊಂದನ್ನು ತೊಡಿಸಿ ಹೊಡೆಯುವುದು ಕೇಪಿನ ಕೋವಿ. ನಡು ಮುರಿದು ಹಿಂಬದಿಯಿಂದ ಸಿದ್ಧ ತೋಟೆಯನ್ನು ತುರುಕಿ ಹೊಡೆಯುವುದು ತೋಟೆಯ ಕೋವಿ. ತೇಜಸ್ವಿಯವರ ಬರೆಹಗಳನ್ನು ಓದಿದವರಿಗೆ ಈ ಹೆಸರುಗಳು ಹೊಸವಲ್ಲ. ಎರಡರಲ್ಲಿಯೂ ಬೆಂಕಿ ಹುಟ್ಟುವ ಸ್ಥಳ ಒಂದೇ: ಬೆರಳ ತುದಿಯಲ್ಲಿ ಅಡಗಿಹೋಗುವಷ್ಟು ಕಿರಿದಾದ ಒಂದು ಲೋಹದ ಬಟ್ಟಲು. ಅದು ತನ್ನ ಪೀಠದಲ್ಲಿ ಹೇಗೆ ಕೂತಿದೆ ಎಂಬುದರ ಮೇಲೆ ಈಡು ಹಾರುವುದೋ ಇಲ್ಲವೋ ಎಂಬುದು ನಿಂತಿದೆ.

ಹಾರದಿದ್ದರೆ ಏನಾಯಿತು, ಒಂದು ಕಾಡುಹಂದಿ ಬದುಕಿಕೊಂಡಿತು ಎನ್ನಬಹುದು. ಬೇಟೆಯ ಮಾತಾದರೆ ನಿಜ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯೇ ನಿಂತುಹೋಗಿದೆ. ಆದರೆ ಕೊಡವರಲ್ಲಿ ಕೋವಿ ಕೊಲ್ಲುವ ಸಾಧನ ಮಾತ್ರವಲ್ಲ, ನುಡಿಯುವ ಸಾಧನ. ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲುಬಾಣ ಮಾಡಿ ಕೂಸಿನ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ಮನೆಯಲ್ಲಿ ಸಾವಾದರೆ ಒಂದರ ಬೆನ್ನಿಗೆ ಒಂದರಂತೆ ಎರಡು ಗುಂಡು. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಗದ್ದೆ ಎಂಬಂತೆ ಚದುರಿದ ಆ ನಾಡಿನಲ್ಲಿ ಟಪಾಲು, ದೂರವಾಣಿಗಳಿಲ್ಲದ ಕಾಲಕ್ಕೆ ಇದಕ್ಕಿಂತ ವೇಗವಾದ ಸುದ್ದಿಗಾರ ಬೇರೊಬ್ಬನಿರಲಿಲ್ಲ. ಮೊದಲ ಸದ್ದಿಗೆ ನಾಟಿಯ ಗದ್ದೆಯಲ್ಲಿ ಬಗ್ಗಿದವರು ತಲೆಯೆತ್ತಿ ಎರಡನೆಯದಕ್ಕಾಗಿ ಕಿವಿಗೊಡುತ್ತಾರೆ. ಎರಡನೆಯದು ಕೇಳಿಬಂದರೆ ಕೈಯ ಕೆಲಸವನ್ನು ಅಲ್ಲಿಯೇ ಬಿಟ್ಟು ಸಾವಿನ ಮನೆಯ ದಾರಿ ಹಿಡಿಯಬೇಕು.

ಈಗ ಯೋಚಿಸಿ ನೋಡಬೇಕಾದ ಸಂಗತಿ ಇದು. ಮೊದಲ ಕೇಪು ಹತ್ತಿತು; ಎರಡನೆಯದು ಹತ್ತಲಿಲ್ಲ. ಕೋವಿಯ ವ್ಯಾಕರಣದಲ್ಲಿ ಎರಡು ಎಂದರೆ ಸಾವು, ಒಂದು ಎಂದರೆ ಜನನ. ತಾಮ್ರದ ಒಂದು ಟೋಪಿ ಕೂದಲೆಳೆಯಷ್ಟು ಮೇಲೆ ಕೂತಿದ್ದ ಮಾತ್ರಕ್ಕೆ ಶೋಕದ ಮನೆಯಿಂದ ಹೊರಟ ಸುದ್ದಿ ಆಚೆಯ ಗುಡ್ಡವನ್ನು ಮುಟ್ಟುವಷ್ಟರಲ್ಲಿ ಸಂತೋಷದ ಸುದ್ದಿಯಾಗಿಬಿಡಬಹುದು. ಬೇಟೆಗಾರನಿಗೆ ತಪ್ಪಿದ ಈಡು ಒಂದು ಹೊತ್ತಿನ ನಿರಾಶೆ. ಸಾವಿನ ಮನೆಯ ಅಂಗಳದಲ್ಲಿ ನಿಂತವನಿಗೆ ಅದು ಆಡಿದ ಮಾತು ಅರ್ಧಕ್ಕೆ ತುಂಡಾದಂತೆ.

ಈ ಟೋಪಿ ಹುಟ್ಟುವುದಕ್ಕೆ ಮೊದಲು ಅರ್ಧಕ್ಕೆ ತುಂಡಾಗುವುದೇ ಕೋವಿಯ ಸ್ವಭಾವವಾಗಿತ್ತು. ಮೊದಲು ಬತ್ತಿಯ ಕೋವಿ ಇತ್ತು. ಉರಿಯುವ ಬತ್ತಿಯನ್ನು ಮದ್ದಿಗೆ ಮುಟ್ಟಿಸುವುದು ಅದರ ಕ್ರಮ. ಮಳೆ ಬಂದರೆ ಬತ್ತಿ ಆರುತ್ತಿತ್ತು, ಕೋವಿ ದೊಣ್ಣೆಯಾಗುತ್ತಿತ್ತು. ಬಳಿಕ ಚಕಮಕಿ ಕಲ್ಲಿನ ಕೋವಿ ಬಂತು. ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರಿ, ಹೊರಗಿನ ಬೋಗುಣಿಯಲ್ಲಿರುವ ಚಿಟಿಕೆ ಮದ್ದು ಭುಗ್ಗೆಂದು ಹತ್ತಿ, ಆ ಉರಿ ಕಿರುದ್ವಾರದಿಂದ ಒಳಹೊಕ್ಕ ಮೇಲೆ ಗುಂಡು ಹೊರಡಬೇಕು. ಈ ಸಡಗರವನ್ನೆಲ್ಲ ಎದುರಿನ ಹಕ್ಕಿ ನೋಡುತ್ತ ಕೂತಿರುತ್ತದೆಯೆ?

ಕೂತಿರುವುದಿಲ್ಲವೆಂದು ಕಂಡುಕೊಂಡು ಅದಕ್ಕೆ ಪರಿಹಾರ ಹುಡುಕಿದವನು ಸೇನಾನಿಯಲ್ಲ, ಶಿಲ್ಪಿಯಲ್ಲ, ಒಬ್ಬ ಪಾದ್ರಿ. ಸ್ಕಾಟ್‌ಲೆಂಡಿನ ಅಬರ್ಡೀನ್ ಸೀಮೆಯ ಬೆಲ್‌ಹೆಲ್ವಿ ಎಂಬ ಊರಿನ ಅಲೆಕ್ಸಾಂಡರ್ ಜಾನ್ ಫೋರ್ಸೈತನಿಗೆ ದೇವರ ಸೇವೆಯ ನಡುವೆ ನೀರುಹಕ್ಕಿಗಳ ಬೇಟೆಯ ಗೀಳಿತ್ತು. ಬೋಗುಣಿಯ ಮಿಂಚನ್ನು ಕಂಡೊಡನೆ ಹಕ್ಕಿಗಳು ಹಾರಿಹೋಗುವುದು ಅವನಿಗೆ ಸಹಿಸದಾಯಿತು. ಬೆಂಕಿ ತಗಲಿಸದೆ ಬರಿಯ ಪೆಟ್ಟಿಗೆ ಸಿಡಿಯುವ ರಸಾಯನವಸ್ತುಗಳು ಆ ವೇಳೆಗೆ ವಿದ್ವಾಂಸರಿಗೆ ತಿಳಿದಿದ್ದವು. ಅವುಗಳ ಹರಳುಗಳನ್ನು ಪುಟ್ಟ ಶೀಶೆಯಂತಹ ಕೋಶದಲ್ಲಿಟ್ಟು, ಸುತ್ತಿಗೆಯ ಹೊಡೆತದಿಂದ ಸಿಡಿಸುವ ಯಂತ್ರಕ್ಕೆ ಅವನು ೧೮೦೭ರಲ್ಲಿ ಹಕ್ಕುಪತ್ರ ಪಡೆದ. ಆ ಕೋಶ ನೋಡುವುದಕ್ಕೆ ಅತ್ತರಿನ ಬುಡ್ಡಿಯಂತಿದ್ದುದರಿಂದ ಅದಕ್ಕೆ ಅದೇ ಹೆಸರು ನಿಂತಿತು. ಹರಳನ್ನು ತಾಮ್ರದ ಟೋಪಿಯೊಳಗೆ ಅಂಟಿಸುವ ಉಪಾಯ ಹತ್ತು ಹದಿನೈದು ವರ್ಷಗಳಲ್ಲಿ ಬಂದಿತು. ಅದನ್ನು ತಾನೇ ಕಂಡುಹಿಡಿದೆನೆಂದು ಹೇಳಿಕೊಂಡವರು ಹಲವರು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜೋಶುವ ಶಾ ಎಂಬ ಚಿತ್ರಕಾರ ೧೮೨೨ರಲ್ಲಿ ಅಲ್ಲಿ ಹಕ್ಕುಪತ್ರವನ್ನೇ ಮಾಡಿಸಿಕೊಂಡ.

ಸರ್ಕಾರಗಳು ಇಂತಹ ವಿಷಯಗಳಲ್ಲಿ ನಿಧಾನ. ಬ್ರಿಟಿಷ್ ಸೇನೆ ೧೮೩೪ರಲ್ಲಿ ವುಲ್ವಿಚ್ ಎಂಬಲ್ಲಿ ಎರಡು ಬಗೆಯ ಕೋವಿಗಳನ್ನೂ ಎದುರುಬದುರಾಗಿ ಪರೀಕ್ಷೆಗೊಡ್ಡಿತು. ಒಂದೊಂದು ಬಗೆಗೂ ೬,೦೦೦ ಈಡು. ಚಕಮಕಿಯ ಕೋವಿಗಳು ೯೨೨ ಸಲ ಹುಸಿಹೋದವು, ಎಂದರೆ ಹದಿಮೂರರಲ್ಲಿ ಎರಡು. ಕೇಪಿನ ಕೋವಿಗಳು ಹುಸಿಹೋದದ್ದು ೩೬ ಸಲ ಮಾತ್ರ, ನೂರ ಅರವತ್ತಾರಕ್ಕೆ ಒಂದು. ಅದೇ ೧೮೩೪ರ ಏಪ್ರಿಲಿನಲ್ಲಿ, ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಿತನಾದ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಲು ಕಂಪೆನಿಯ ಸೇನೆ ಮಡಿಕೇರಿಯನ್ನು ಹೊಕ್ಕಿತು. ಕೊಡಗು ಬ್ರಿಟಿಷರ ವಶವಾದ ವರ್ಷವೂ ಕೇಪು ಗೆದ್ದ ವರ್ಷವೂ ಒಂದೇ ಆದದ್ದು ಕಾಕತಾಳೀಯವೇ ಸರಿ. ಆದರೆ ಮುಂದೆ ಈ ಎರಡು ಕಥೆಗಳೂ ಒಂದರೊಳಗೊಂದು ಹೆಣೆದುಕೊಂಡವು.

ಕೇಪಿನ ಕೋವಿಯ ಹಿಂಬದಿಯಲ್ಲಿ ಉಕ್ಕಿನ ಒಂದು ಟೊಳ್ಳು ಮೊಳೆ ಎದ್ದು ನಿಂತಿರುತ್ತದೆ. ಅದೇ ಕೇಪಿನ ಪೀಠ. ಟೋಪಿಯನ್ನು ಅದರ ತಲೆಗೆ ತೊಡಿಸಿದರೆ ಒಳಗಿನ ಮದ್ದಿನ ಪದರ ಮೊಳೆಯ ತುದಿಗೆ ತಾಗಿಕೊಂಡಿರಬೇಕು. ಕೋವಿಯವರು ಕುದುರೆಯೆಂದು ಕರೆಯುವ ಸುತ್ತಿಗೆ ಬಿದ್ದಾಗ ಮದ್ದು ಎರಡು ಲೋಹಗಳ ನಡುವೆ ಜಜ್ಜಿಹೋಗಿ ಸಿಡಿಯುತ್ತದೆ. ಉರಿ ಮೊಳೆಯ ರಂಧ್ರದಲ್ಲಿಳಿದು ನಳಿಗೆಯ ಮದ್ದನ್ನು ಮುಟ್ಟುತ್ತದೆ. ಕೇಳುವುದಕ್ಕೆ ಇಷ್ಟೆ. ತೊಡಕಿರುವುದು, ಕೇಪು ಮಾಡಿದವನು ಒಬ್ಬ, ಮೊಳೆ ತಿರುಗಿಸಿದವನು ಇನ್ನೊಬ್ಬ ಎಂಬಲ್ಲಿ. ಹತ್ತನೆಯ ನಂಬರಿನ ಕೇಪು, ಹನ್ನೊಂದನೆಯ ನಂಬರಿನ ಕೇಪು, ಸೇನೆಯ ಬಂದೂಕುಗಳಿಗೆಂದು ಅಂಚು ಮಡಿಸಿದ ದೊಡ್ಡ ಕೇಪು ಎಂದು ಹಲವು ಅಳತೆಗಳು. ಒಂದೇ ನಂಬರು ಹೊತ್ತ ಎರಡು ಕಾರ್ಖಾನೆಗಳ ಕೇಪುಗಳೂ ಕೂದಲೆಳೆಯಷ್ಟು ಭಿನ್ನ. ಅತ್ತ ಮೊಳೆಯಾದರೂ ಹಾಗೆಯೇ ಉಳಿಯುತ್ತದೆಯೆ? ಸಾವಿರ ಪೆಟ್ಟು ತಿಂದ ಮೊಳೆಯ ತಲೆ ಚಪ್ಪಟೆಯಾಗಿ ಅಗಲಿಸುತ್ತದೆ. ತುಕ್ಕು ತಿಂದದ್ದು ಸವೆದು ತೆಳ್ಳಗಾಗುತ್ತದೆ.

ಕೇಪು ಸಡಿಲವಾದರೆ ಅದರ ದೋಷ ಕಣ್ಣಿಗೆ ಕಾಣುತ್ತದೆ. ಕೋವಿಯ ಮೂತಿ ಕೆಳಗಾದೊಡನೆ ಟೋಪಿ ಹುಲ್ಲಿನಲ್ಲಿ ಬಿದ್ದು ಮಾಯವಾಗುತ್ತದೆ. ಬೀಳದಿದ್ದರೆ ಇನ್ನೂ ಕಷ್ಟ. ಸಿಡಿದಾಗ ತಾಮ್ರ ಚೂರುಚೂರಾಗಿ ಪಕ್ಕಕ್ಕೆ ಚಿಮ್ಮಿ ಕಣ್ಣಿಗೆ ಎರವಾದೀತು. ಬಿಗಿಯಾದ ಕೇಪಿನ ದೋಷ ಮಾತ್ರ ಬಲು ಕಪಟದ್ದು. ನೋಡುವುದಕ್ಕೆ ಗಟ್ಟಿಯಾಗಿ ಕೂತಂತೆಯೇ ಇರುತ್ತದೆ, ಆದರೆ ತಳ ಮುಟ್ಟಿರುವುದಿಲ್ಲ. ಕುದುರೆಯ ಮೊದಲ ಪೆಟ್ಟೆಲ್ಲ ಟೋಪಿಯನ್ನು ಕೆಳಗೆ ನೂಕುವುದಕ್ಕೆ ವ್ಯಯವಾಗಿ, ಸಿಡಿಸುವುದಕ್ಕೆ ಬಲ ಉಳಿಯುವುದಿಲ್ಲ. ಈಡು ಹಾರಲಿಲ್ಲ. ಕುದುರೆಯನ್ನು ಮತ್ತೆ ಏರಿಸಿ ಬಿಟ್ಟರೆ ಎರಡನೆಯ ಪೆಟ್ಟಿಗೆ ಅದೇ ಕೇಪು ಢಮ್ಮೆನ್ನುತ್ತದೆ! ಹೊಡೆದವನು ಮೊದಲ ಪೆಟ್ಟಿಗೆ ಕೇಪನ್ನು ಬೈದಿರುತ್ತಾನೆ. ಎರಡನೆಯ ಪೆಟ್ಟಿಗೆ ತನ್ನ ಅದೃಷ್ಟವನ್ನು ಕೊಂಡಾಡುತ್ತಾನೆ. ಎರಡೂ ಸಲ ಅವನ ಊಹೆ ತಪ್ಪು.

ಇವೆರಡಕ್ಕಿಂತಲೂ ಭಯಂಕರವಾದುದು ತಡವಾಗಿ ಹತ್ತುವ ಈಡು. ಕೇಪು ಸಿಡಿಯಿತು, ಉರಿ ಒಳಗೆ ಇಳಿಯಿತು, ಆದರೆ ಒದ್ದೆಯಾದ ಮದ್ದು ಕೂಡಲೆ ಏಳಲಿಲ್ಲ. ಹುಸಿಯೆಂದು ತಿಳಿದವನು ಕೋವಿಯನ್ನಿಳಿಸಿ ಮೂತಿಯತ್ತ ಇಣುಕುವುದಕ್ಕೂ ಒಳಗಿನ ಮದ್ದು ಎಚ್ಚತ್ತುಕೊಳ್ಳುವುದಕ್ಕೂ ಸರಿಹೋದರೆ ಆ ಮನೆಯಲ್ಲಿ ಎರಡು ಗುಂಡು ಹಾರಿಸಬೇಕಾದ ಪ್ರಸಂಗ ಬರುತ್ತದೆ. ಹುಸಿಹೋದ ಕೋವಿಯ ಮೂತಿಯನ್ನು ಜನರಿಲ್ಲದ ಕಡೆಗೇ ಹಿಡಿದುಕೊಂಡು, ಸಾಕಷ್ಟು ಹೊತ್ತು ಸುಮ್ಮನೆ ನಿಲ್ಲಬೇಕೆಂಬುದು ಈ ಕಾರಣದಿಂದಲೇ ಕೋವಿ ಹಿಡಿವ ಮಕ್ಕಳಿಗೆ ಮೊದಲು ಹೇಳಿಕೊಡುವ ಪಾಠ. ವರ್ಷಕ್ಕೆ ನೂರು ಅಂಗುಲ ಮೀರಿ ಮಳೆ ಸುರಿಯುವ ನಾಡಿನಲ್ಲಿ ಮದ್ದು ಒದ್ದೆಯಾಗುವುದೇನೂ ಅಪರೂಪವಲ್ಲ.

ಇಲ್ಲಿ ೧೮೫೭ರ ಮಾತೊಂದನ್ನು ಎತ್ತಬೇಕು. ಕೊಬ್ಬು ಸವರಿದ ಎನ್‌ಫೀಲ್ಡ್ ತೋಟೆಯ ಕಥೆಯನ್ನು ಶಾಲೆಯಲ್ಲಿ ಓದದವರಿಲ್ಲ. ಆ ತೋಟೆ ಈಗಿನದರಂತೆ ಲೋಹದ್ದೆಂದು ಅನೇಕರು ತಿಳಿದಿದ್ದಾರೆ. ಅದು ಕಾಗದದ ಪೊಟ್ಟಣ. ಒಳಗೆ ಅಳೆದಿಟ್ಟ ಮದ್ದು, ಒಂದು ಗುಂಡು. ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿದು ಗುಂಡನ್ನು ಜಡಿದ ಮೇಲೆ ಸಿಪಾಯಿ ಸೊಂಟದ ಚೀಲದಿಂದ ಕೇಪೊಂದನ್ನು ತೆಗೆದು ಬೇರೆಯಾಗಿಯೇ ತೊಡಿಸಬೇಕಾಗಿತ್ತು. ಧರ್ಮವನ್ನು ಕೆಡಿಸಿತೆಂದು ಹೆಸರಾದ ತೋಟೆಯಲ್ಲಿ ಬೆಂಕಿ ಹುಟ್ಟಿಸುವ ವಸ್ತುವೇ ಇರಲಿಲ್ಲ.

ಕೇಪು ತೋಟೆಯ ಬೆನ್ನಿನೊಳಗೆ ಸೇರಿಕೊಂಡದ್ದು ೧೮೬೦ರ ದಶಕದಲ್ಲಿ. ಆಗಲೇ ಇಬ್ಬರು ಸೇನಾಧಿಕಾರಿಗಳು ಒಂದೇ ಕಾಲಕ್ಕೆ ಎರಡು ಬೇರೆ ಹಾದಿ ತುಳಿದರು. ವುಲ್ವಿಚ್ ಕಾರ್ಯಾಗಾರದ ಕರ್ನಲ್ ಬಾಕ್ಸರ್ ಇಂಗ್ಲಿಷರವನು. ಅಮೆರಿಕದ ಅಂತರ್ಯುದ್ಧದಲ್ಲಿ ಗುರಿಕಾರರ ಪಡೆಯನ್ನು ನಡೆಸಿದ ಹೈರಮ್ ಬರ್ಡನ್ ಅಮೆರಿಕದವನು. ಕೇಪಿನ ಮದ್ದು ಸಿಡಿಯಬೇಕಾದರೆ ಸುತ್ತಿಗೆಯ ಎದುರಿಗೊಂದು ಅಡಿಗಲ್ಲು ಬೇಕಷ್ಟೆ? ಬಾಕ್ಸರನು ಆ ಅಡಿಗಲ್ಲನ್ನು ಕೇಪಿನೊಳಗೇ ಇಟ್ಟ. ತೋಟೆಯ ತಳದಲ್ಲಿ ಉರಿ ಹೋಗಲು ನಡುವೆ ಒಂದೇ ರಂಧ್ರ. ಬರ್ಡನನು ಅಡಿಗಲ್ಲನ್ನು ತೋಟೆಯ ಗುಳಿಯಲ್ಲೇ ಎಬ್ಬಿಸಿ ಪಕ್ಕಗಳಲ್ಲಿ ಎರಡು ಸಣ್ಣ ರಂಧ್ರ ಬಿಟ್ಟ. ಬಾಕ್ಸರನ ತೋಟೆಯಾದರೆ ಹೊಡೆದು ಖಾಲಿಯಾದ ಮೇಲೆ ಬಾಯಿಯಿಂದ ಒಂದು ಕಡ್ಡಿ ತೂರಿಸಿ ಒತ್ತಿದರೆ ಸಾಕು, ಹಳೆಯ ಕೇಪು ಹೊರಗೆ ಉದುರುತ್ತದೆ. ಬರ್ಡನನದರಲ್ಲಿ ಕಡ್ಡಿಗೆ ಅಡಿಗಲ್ಲೇ ಅಡ್ಡ. ವಿಚಿತ್ರವೆಂದರೆ ಇಂಗ್ಲಿಷರವನ ಕ್ರಮ ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನದು ಯೂರೋಪಿನ ಸೇನೆಗಳಲ್ಲಿ ಹರಡಿತು. ಬಳಸಿದ ತೋಟೆಗೆ ಹೊಸ ಕೇಪು ತೊಡಿಸಿ ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಇಂದಿಗೂ ಅಷ್ಟು ದೊಡ್ಡದಾಗಿರುವುದಕ್ಕೆ ಆ ನಡುವಿನ ಒಂದೇ ರಂಧ್ರದ ಉಪಕಾರ ಕಡಮೆಯದಲ್ಲ.

ಈ ಹವ್ಯಾಸಿಗಳ ನಿತ್ಯದ ಗೋಳು ಕೇಳಿದರೆ ಕೇಪಿನ ಕೋವಿಯ ಮುದುಕನೂ ತಲೆದೂಗಿಯಾನು. ರೈಫಲಿನ ತೋಟೆಗಳಿಗೆ ಎರಡು ಅಳತೆಯ ಕೇಪು: ಅಂಗುಲದ ಸಾವಿರ ಪಾಲಿನಲ್ಲಿ ೧೭೫ ಪಾಲಿನದು ಚಿಕ್ಕದು, ೨೧೦ ಪಾಲಿನದು ದೊಡ್ಡದು. ಚಿಲ್ಲಿನ ತೋಟೆಗೆ ಹಾಕುವುದು ೨೦೯ ಎಂಬ ಹೆಸರಿನ ಕೇಪು. ೨೧೦ಕ್ಕಿಂತ ತುಸು ಕಿರಿದೆಂದು ಯಾರಾದರೂ ಎಣಿಸಿದರೆ ಬೇಸ್ತುಬಿದ್ದರು. ೨೦೯ ಬರಿಯ ಹೆಸರು, ಅದರ ಅಡ್ಡಗಲ ೨೪೦ ಪಾಲನ್ನು ಮೀರುತ್ತದೆ. ಅದೇ ಹೆಸರು ಹೊತ್ತು ಯೂರೋಪಿನ ಕೆಲವು ಕಾರ್ಖಾನೆಗಳಿಂದ ಬರುವ ಕೇಪುಗಳು ಅಮೆರಿಕದವಕ್ಕಿಂತ ಒಂದೆರಡು ಪಾಲು ದಪ್ಪ. ಮನುಷ್ಯನ ಕೂದಲೊಂದು ಸುಮಾರು ಮೂರು ಪಾಲು ಎಂದರೆ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. ಆದರೂ ಆ ದಪ್ಪ ಕೇಪು ಒಮ್ಮೆ ಕೂತೆದ್ದ ಗುಳಿ ಮತ್ತೆ ಮೊದಲಿನಂತಾಗದು. ದಪ್ಪ ಬೆರಳಿನವರು ತೊಟ್ಟು ಹಿಗ್ಗಿಸಿದ ಉಂಗುರ ಸಣ್ಣ ಬೆರಳಿನವರಿಗೆ ನಿಲ್ಲದಂತೆ, ಮುಂದಿನ ಸಲ ತೆಳು ಕೇಪು ಅದರಲ್ಲಿ ನಿಲ್ಲುವುದಿಲ್ಲ. ನಿಲ್ಲದ ಕೇಪಿನ ಸುತ್ತ ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಕೋವಿಯ ಬೆನ್ನನ್ನು ಕೊರೆಯುತ್ತದೆ, ಒಮ್ಮೊಮ್ಮೆ ಹೊಡೆಯುವವನ ಮುಖದತ್ತಲೂ ಬರುತ್ತದೆ.

ಗುಳಿಯ ತಳ ಮುಟ್ಟದೆ ಮೇಲೆ ನಿಂತ ಕೇಪಿನದು ಬಿಗಿಯಾದ ಟೋಪಿಯ ಕಥೆಯೇ. ಮೊದಲ ಪೆಟ್ಟು ಕೂರಿಸುವುದಕ್ಕೆ, ಎರಡನೆಯದು ಸಿಡಿಸುವುದಕ್ಕೆ. ಆದರೆ ತಾನಾಗಿಯೇ ತುಂಬಿಕೊಳ್ಳುವ ಕೋವಿಗಳಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ: ತಲೆಯೆತ್ತಿ ನಿಂತ ಕೇಪಿಗೆ ಬಾಗಿಲು ಮುಚ್ಚುವಾಗಲೇ ಪೆಟ್ಟು ತಗಲಿ, ಟ್ರಿಗರ್ ಮುಟ್ಟುವ ಮೊದಲೇ ಈಡು ಹೊರಟುಬಿಡಬಹುದು. ತೀರ ಆಳಕ್ಕೆ ಇಳಿದ ಕೇಪನ್ನು ಕುದುರೆಯ ಸೂಜಿ ಪೂರ್ಣಬಲದಿಂದ ಮುಟ್ಟದು. ಒಟ್ಟಿನಲ್ಲಿ ತೋಟೆಯ ಬೆನ್ನಿಗೆ ಸಮನಾಗಿ, ಇಲ್ಲವೆ ಒಂದು ಎಳೆ ಒಳಗೆ ಕೂತ ಕೇಪೇ ಸುಖಿ. ಮನೆಯಲ್ಲಿ ತುಂಬುವವರು ಪ್ರತಿಯೊಂದರ ಬೆನ್ನ ಮೇಲೂ ಬೆರಳಾಡಿಸಿ ನೋಡುತ್ತಾರೆ. ಅಳತೆಯ ಯಂತ್ರಗಳು ಎಷ್ಟಿದ್ದರೂ ಕೊನೆಯ ಮಾತು ಬೆರಳ ತುದಿಯದು.

ಹಳೆಯ ಕಾಲದ ತೋಟೆಗಳಿಗೆ ಇನ್ನೊಂದು ಗುಪ್ತರೋಗವಿತ್ತು. ಆಗಿನ ಕೇಪುಗಳ ಮದ್ದಿನಲ್ಲಿ ಪಾದರಸವಿದ್ದುದರಿಂದ ಹೊಡೆದ ಮೇಲೆ ಅದು ಹಿತ್ತಾಳೆಯೊಳಗೆ ಇಂಗಿ ಲೋಹವನ್ನು ಬಿರುಸಾಗಿಸುತ್ತಿತ್ತು. ಹೊರಗೆ ಹೊಳೆಯುವ ತೋಟೆ ಮರುಬಳಕೆಯಲ್ಲಿ ಸೀಳುತ್ತಿತ್ತು. ಪಾದರಸ ಬಿಟ್ಟ ಬೇರೆ ಬಗೆಯ ಕೇಪುಗಳಲ್ಲಿಯೂ ಸಿಡಿದ ಮೇಲೆ ಉಪ್ಪಿನಂತಹ ಶೇಷ ಉಳಿದು, ತೇವವನ್ನು ಹೀರಿ, ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ನಳಿಗೆಗೆ ಬಿಸಿನೀರು ಹೊಯ್ದು ತೊಳೆದು ಒರೆಸಿ ಎಣ್ಣೆ ಸವರುವ ಪದ್ಧತಿ ಬಂದದ್ದು ಇದರಿಂದ. ಜರ್ಮನಿಯಲ್ಲಿ ೧೯೨೦ರ ದಶಕದ ಕೊನೆಗೆ ತುಕ್ಕು ಹಿಡಿಸದ ಕೇಪು ಬಂದ ಮೇಲೆ ಈ ಕಾಟ ಕ್ರಮೇಣ ತಗ್ಗಿತು. ಕಾಗದದ ಮೈಯ ಚಿಲ್ಲಿನ ತೋಟೆ ಮಳೆಗಾಲದಲ್ಲಿ ಉಬ್ಬಿ ನಳಿಗೆಯನ್ನೇ ಹೊಗದೆ ಮೊಂಡುಹಿಡಿಯುತ್ತಿದ್ದುದೂ ೧೯೬೦ರಿಂದೀಚೆಗೆ ಪ್ಲಾಸ್ಟಿಕ್ ಬಂದು ಮರೆತುಹೋಯಿತು. ಪುಣೆಯ ಬಳಿಯ ಖಡ್ಕಿಯಲ್ಲಿ ೧೮೬೯ರಲ್ಲಿ ಸ್ಥಾಪನೆಯಾದ ಮದ್ದುಗುಂಡಿನ ಕಾರ್ಖಾನೆ ಇಂದಿಗೂ ನಡೆಯುತ್ತಿದೆ.

ಹಾಗಾದರೆ ಪದ್ಮನಾಭನಗರದ ಮನೆಯ ಮಹಡಿಯ ಕೋಣೆಯಲ್ಲಿ ಮೇಜು ಹಾಕಿಕೊಂಡು ತೋಟೆ ತುಂಬಬಹುದೆ? ಅಮೆರಿಕದ ಚಿತ್ರಗಳನ್ನು ನೋಡಿದ ಹುಡುಗರಿಗೆ ಈ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಐದನೆಯ ಪ್ರಕರಣದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅವನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಕಾಸಗಲ ತಾಮ್ರದ ಬಟ್ಟಲೆಂದು ಕಾನೂನು ಅದನ್ನು ಕಡೆಗಣಿಸಿಲ್ಲ.

ಕೊಡಗಿಗಿರುವ ವಿನಾಯಿತಿಯ ಬಗೆಗೆ ನಗರದಲ್ಲಿ ಅನೇಕ ಕಟ್ಟುಕಥೆಗಳಿವೆ. ಹಿನ್ನೆಲೆ ಇಷ್ಟು. ೧೮೫೭ರ ದಂಗೆಯ ಬಳಿಕ ಬ್ರಿಟಿಷ್ ಸರ್ಕಾರ ಜನರಿಂದ ಆಯುಧಗಳನ್ನು ಕಸಿಯುವ ಕಾನೂನು ಮಾಡಿತು. ಮೈಸೂರು ಮತ್ತು ಕೊಡಗುಗಳ ಆಡಳಿತವನ್ನು ಬಹುಕಾಲ ನಡೆಸಿದ ಸರ್ ಮಾರ್ಕ್ ಕಬ್ಬನ್, ಬೆಂಗಳೂರಿನ ಉದ್ಯಾನಕ್ಕೆ ಹೆಸರಾದ ಅದೇ ಕಬ್ಬನ್, ೧೮೬೧ರ ಫೆಬ್ರವರಿಯಲ್ಲಿ ಕೊಡವರನ್ನು ಅದರಿಂದ ಹೊರಗಿರಿಸುವ ಘೋಷಣೆ ಹೊರಡಿಸಿದ. ಎರಡು ತಿಂಗಳು ಕಳೆಯುವುದರೊಳಗೆ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜಿನಲ್ಲಿ ತೀರಿಕೊಂಡ. ಅವನು ಕೊಟ್ಟ ವಿನಾಯಿತಿ ಮಾತ್ರ ಅವನಿಗಿಂತಲೂ ಅವನ ಸಾಮ್ರಾಜ್ಯಕ್ಕಿಂತಲೂ ದೀರ್ಘಾಯುವಾಯಿತು. ಸ್ವತಂತ್ರ ಭಾರತದ ಸರ್ಕಾರ ೧೯೬೩ರಲ್ಲಿ ಅದನ್ನು ಉಳಿಸಿಕೊಂಡಿತು. ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ, ೨೦೨೯ರವರೆಗೆ, ಮುಂದುವರಿಸಿತು. ಜಾತಿಯನ್ನೂ ಭೂಹಿಡುವಳಿಯನ್ನೂ ಆಧಾರವಾಗಿಟ್ಟುಕೊಂಡು ಇಂತಹ ರಿಯಾಯಿತಿ ಕೊಡುವುದು ಸರಿಯೆ ಎಂಬ ಪ್ರಶ್ನೆ ನ್ಯಾಯಾಲಯವನ್ನೂ ಏರಿತು. ೨೦೨೧ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ಈ ಸೌಲಭ್ಯ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮನೆಯನ್ನು ತೋಟೆಯ ಕಾರ್ಖಾನೆಯಾಗಿಸುವುದಕ್ಕಲ್ಲ. ಜಿಲ್ಲೆಯ ಹೊರಗೆ ವಾಸಿಸುವವರಿಗೆ ಅದರಲ್ಲಿಯೂ ಮಿತಿಗಳುಂಟು.

ಆದುದರಿಂದ ಪದ್ಮನಾಭನಗರ, ಜಯನಗರಗಳಿಗೆ ಉದ್ಯೋಗಕ್ಕಾಗಿ ಬಂದು ನೆಲೆಸಿದ ಕೊಡಗಿನ ಮನೆತನಗಳ ಮಕ್ಕಳಿಗೆ ಕೋವಿಯ ಪರಿಚಯವಾಗುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೈಲ್‌ಪೊಳ್ದಿಗೆಂದು ಊರಿಗೆ ಹೋದಾಗ. ನಾಟಿಯ ಕಾಲದಲ್ಲಿ ದೇವರ ಕೋಣೆಯಲ್ಲಿ ವಿಶ್ರಮಿಸಿದ ಆಯುಧಗಳನ್ನು ಅಂದು ಹೊರಗೆ ತಂದು ತಿಕ್ಕಿ ಒರೆಸಿ ಐನ್‌ಮನೆಯಲ್ಲಿ ಪೂಜೆಗಿಡುತ್ತಾರೆ. ಆ ಕಾಲಕ್ಕೆ ಸರಿಯಾಗಿ ಬೇಲಿಗಳ ಮೇಲೆ ಅರಳುವ ಅಗ್ನಿಶಿಖೆಯ ಹೂವನ್ನು ಕೊಡವರು ತೋಕ್‌ಪೂ ಎನ್ನುತ್ತಾರೆ. ತೋಕ್ ಎಂದರೆ ಕೋವಿ. ಬೆಂಕಿಯ ನಾಲಗೆಯಂತಹ ಕೆಂಪು ಹಳದಿ ಎಸಳಿನ ಆ ಹೂವನ್ನು ನಳಿಗೆಯ ಬಾಯಿಗೆ ಮುಡಿಸುತ್ತಾರೆ. ಪೂಜೆ, ಹಂದಿಮಾಂಸ ಕಡಂಬುಟ್ಟುಗಳ ಊಟ ಮುಗಿದ ಮೇಲೆ ಊರ ಮಂದಿನಲ್ಲಿ ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ.

ಹೂವನ್ನು ಮುಡಿಸುವ ಮೊದಲು ಹಿರಿಯರು ಮಾಡುವ ಕೆಲಸ ಬೇರೆ. ಮಳೆಗಾಲದಲ್ಲಿ ಮೂಲೆ ಹಿಡಿದ ಹಳೆಯ ಕೋವಿಯ ಮೊಳೆಯನ್ನು ಬಟ್ಟೆಯಿಂದ ಒರೆಸಿ, ತಂತಿಯೊಂದನ್ನು ತೂರಿಸಿ ರಂಧ್ರ ಬಿಡಿಸಿ, ತಲೆ ಸವೆದಿದೆಯೆ ಹರಡಿದೆಯೆ ಎಂದು ಬೆಳಕಿಗೆ ಹಿಡಿದು ನೋಡಬೇಕು. ಖಾಲಿ ನಳಿಗೆಯಲ್ಲಿಯೇ ಕೇಪೊಂದನ್ನು ತೊಡಿಸಿ, ಮೂತಿಯನ್ನು ನೆಲದ ಹುಲ್ಲೆಸಳ ಹತ್ತಿರ ಹಿಡಿದು ಹೊಡೆದು ನೋಡುವುದು ಹಳಬರ ಪರೀಕ್ಷೆ. ಕೇಪು ಸಿಡಿದು ಎಸಳು ಅಲುಗಿದರೆ ಉರಿಯ ಹಾದಿ ತೆರೆದಿದೆಯೆಂದು ಅರ್ಥ. ಎಸಳು ಅಲುಗದಿದ್ದರೆ ಮದ್ದಿನ ಚೀಲಕ್ಕೆ ಕೈಹಾಕದೆ ಮತ್ತೆ ತಂತಿ ಹಿಡಿಯಬೇಕು.

ಸಾವಿನ ಸುದ್ದಿ ಈಗ ಪದ್ಮನಾಭನಗರಕ್ಕೆ ದೂರವಾಣಿಯಲ್ಲಿ ಬರುತ್ತದೆ. ರಾತ್ರಿಯ ಬಸ್ಸಿಗೋ ಕಾರಿಗೋ ಹೊರಟವರು ಬೆಳಗಾಗುವಷ್ಟರಲ್ಲಿ ಊರು ಮುಟ್ಟುತ್ತಾರೆ. ಅವರಿಗಾಗಿ ಗುಂಡು ಹಾರಿಸಬೇಕಾದ ಅಗತ್ಯವಿಲ್ಲ. ಅಷ್ಟರಲ್ಲಿ ಆಚೆಯ ಗುಡ್ಡದವರಿಗೂ ಸುದ್ದಿ ತಲಪಿರುತ್ತದೆ. ಆದರೂ ಅಂಗಳದಲ್ಲಿ ಒಬ್ಬರು ಕೋವಿಯನ್ನು ಆಕಾಶಕ್ಕೆತ್ತುತ್ತಾರೆ. ಮೊದಲನೆಯದು ಗುಡ್ಡದಿಂದ ಗುಡ್ಡಕ್ಕೆ ಮರುದನಿಗೊಟ್ಟು ಆರುತ್ತದೆ. ಬಂದು ಸೇರಿದವರೆಲ್ಲ ತಲೆ ಬಾಗಿಸಿ, ಎರಡನೆಯದಕ್ಕಾಗಿ ಕಾದು ನಿಲ್ಲುತ್ತಾರೆ.